ತಡೆದುಕೊಳ್ಳುವುದು

ಬೆಂಚಿನ ಮೇಲೆ ಕೂತವರಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಗಂಡಸರು, ಎಲ್ಲರೂ ಅರವತ್ತು ದಾಟಿದವರು, ಎಲ್ಲರ ಕೈಯಲ್ಲೂ ಖಾಲಿಯಾದ ನೀರಿನ ಬಾಟಲಿ, ಎಲ್ಲರ ಮೊಣಕಾಲುಗಳೂ ಒಂದಕ್ಕೊಂದು ಒತ್ತಿಕೊಂಡಿದ್ದವು. ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡು, ಒಳಗಿನಿಂದ ಕರೆ ಬರುವವರೆಗೂ ಕೂತಿರಬೇಕು ಎಂಬುದು ಆಸ್ಪತ್ರೆಯ ಈ ನೆಲಮಾಳಿಗೆಯ ಕಾನೂನು. ಮೂತ್ರಕೋಶ ತುಂಬಿ ಉಬ್ಬಿದ್ದರೆ ಅದು ಕಿರಣ ಬೀಳುವ ದಾರಿಯಿಂದ ಸ್ವಲ್ಪ ಸರಿದು ನಿಲ್ಲುತ್ತದಂತೆ. ಕಾರು ಮೇಷ್ಟ್ರು ಎದುರಿನ ಗೋಡೆಯ ಮೇಲಿದ್ದ ಕಡಲತೀರದ ಚಿತ್ರವನ್ನು ನೋಡದಿರಲು ಹೆಣಗುತ್ತಿದ್ದರು. ಇಂಥ ಜಾಗದಲ್ಲಿ ಅಲೆಗಳ ಚಿತ್ರ ತೂಗುಹಾಕಿದ ಪುಣ್ಯಾತ್ಮನಿಗೂ ಒಂದು ದಿನ ಈ ಬೆಂಚು ಸಿಗಲಿ ಎಂದು ಹಾರೈಸುವಷ್ಟು ಕೆಟ್ಟವರಲ್ಲ ಅವರು, ಆದರೂ ಹಾರೈಸಿದರು. ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಬಸ್ ಕಂಡಕ್ಟರ್ ಒಬ್ಬನೇ ಆರಾಮಾಗಿದ್ದ. “ನಮಗೆಲ್ಲ ಇದು ಅಭ್ಯಾಸ ಮೇಷ್ಟ್ರೇ. ಇಡೀ ಸರ್ವೀಸು ತಡ್ಕೊಂಡೇ ಕಳ್ದಿದೀನಿ. ಡ್ರೈವರ್ ಎಲ್ಲಿ ನಿಲ್ಲಿಸ್ತಾನೋ ಅಲ್ಲೇ ನಮ್ಮ ಮೋಕ್ಷ” ಎಂದ. ಮೇಷ್ಟ್ರಿಗೆ ನಗು ಬಂತು. ನಗುವುದು ಈಗ ಅಪಾಯ. ತುಟಿ ಕಚ್ಚಿ ಹಿಡಿದರು.

ಈ ಊರಿನಲ್ಲಿ ಸ್ಟೀರಿಂಗ್ ಹಿಡಿದ ಅರ್ಧ ಜನಕ್ಕೆ ಅವರೇ ಗುರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೂ ಒಂದು ಜೊತೆ ಕ್ಲಚ್ಚು ಬ್ರೇಕು ಇಟ್ಟುಕೊಂಡು, ಬೆವರುವ ಕೈಗಳನ್ನು ನೇರ ಮಾಡುತ್ತ ಬಂದವರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಕಾಯಿಲೆಯ ಹೆಸರು ಕೇಳಿದಾಗಲೂ ಅಷ್ಟೊಂದು ಎದೆಗುಂದಿರಲಿಲ್ಲ. ಅವರನ್ನು ಎದೆಗುಂದಿಸಿದ್ದು ಡಾಕ್ಟರ ‘ಸ್ವಲ್ಪ’. ಮಗಳಿಗಿಂತ ಚಿಕ್ಕ ವಯಸ್ಸಿನ ಆ ಹುಡುಗಿ ನಗುನಗುತ್ತ ಹೇಳಿದ್ದಳು: “ಈಗಿನ ಮೆಷಿನ್ನುಗಳು ತುಂಬಾ ಚೆನ್ನಾಗಿವೆ ಸರ್, ಮೊದಲಿನ ಹಾಗಲ್ಲ, ಎಲ್ಲಿ ಬೇಕೋ ಅಲ್ಲಿಗೇ ಗುರಿ. ಸ್ವಲ್ಪ ಉರಿ ಇರ್ಬಹುದು. ಸ್ವಲ್ಪ ಅರ್ಜೆಂಟ್ ಆಗ್ಬಹುದು. ಸ್ವಲ್ಪ ಸುಸ್ತು, ಸ್ವಲ್ಪ ಭೇದಿ. ಮುಗಿದ ಮೇಲೆ ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತೆ.” ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, “ಆ ವಿಷಯದಲ್ಲೂ ಸ್ವಲ್ಪ ವ್ಯತ್ಯಾಸ ಆಗ್ಬಹುದು. ಅದಕ್ಕೂ ದಾರಿ ಇದೆ, ಸಂಕೋಚ ಬೇಡ, ಕೇಳಿ” ಎಂದಳು. ಯಾವ ವಿಷಯ ಎಂದು ಮೇಷ್ಟ್ರು ಕೇಳಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಕೈಚೀಲದ ಜಿಪ್ಪನ್ನು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು.

ಕರೆ ಬಂತು. ತಣ್ಣಗಿನ ಮೇಜಿನ ಮೇಲೆ ಅಂಗಾತ ಮಲಗಿದರು. ಯಂತ್ರ ಒಮ್ಮೆ ಮೈಯನ್ನು ಸುತ್ತಿ ಫೋಟೋ ತೆಗೆಯಿತು. ಗೋಡೆಯಾಚೆಯಿಂದ ಸ್ಪೀಕರಿನಲ್ಲಿ ಆಪರೇಟರ್ ಹುಡುಗಿಯ ದನಿ ತೇಲಿಬಂತು: “ಅಂಕಲ್, ಗ್ಯಾಸ್ ಇದೆ. ಒಂದ್ಸಲ ಓಡಾಡ್ಕೊಂಡು ಬನ್ನಿ.” ಇಷ್ಟು ವರ್ಷ ಮರ್ಯಾದಸ್ಥನಾಗಿ, ಕಾರಿನ ಕಿಟಕಿ ಇಳಿಸುವ ನೆಪ ಹುಡುಕಿ ಹುಡುಕಿ ಬಚ್ಚಿಟ್ಟ ಸಂಗತಿಯೊಂದು ಪರದೆಯ ಮೇಲೆ ಕಪ್ಪು ಗುಳ್ಳೆಯಾಗಿ ನಿಂತು, ಅದನ್ನು ಒಬ್ಬಳು ಹುಡುಗಿ ಹವಾಮಾನ ವರದಿಯಂತೆ ಓದಿ ಹೇಳಿದ್ದಳು. ಮೇಷ್ಟ್ರು ಆಸ್ಪತ್ರೆಯ ಗೌನಿನಲ್ಲಿ ಕಾರಿಡಾರಿನ ಆ ತುದಿಗೂ ಈ ತುದಿಗೂ ನಡೆದರು. ಒಂದನ್ನು ಬಿಡಬೇಕು, ಇನ್ನೊಂದನ್ನು ತಡೆಯಬೇಕು. ಏರಿನಲ್ಲಿ ಕ್ಲಚ್ಚು ಬಿಡುತ್ತ ಬ್ರೇಕು ಹಿಡಿಯುವುದನ್ನು ಊರಿಗೆಲ್ಲ ಕಲಿಸಿದ ಮನುಷ್ಯನಿಗೆ ಇದು ಮಾತ್ರ ಒಲಿಯುತ್ತಿರಲಿಲ್ಲ. ಕಂಡಕ್ಟರ್ ಬೆಂಚಿನಿಂದಲೇ ಹೆಬ್ಬೆರಳೆತ್ತಿ ಹುರಿದುಂಬಿಸಿದ. ಕೊನೆಗೂ ಗೆದ್ದು ಒಳಗೆ ಹೋಗಿ ಮತ್ತೆ ಮಲಗಿದಾಗ ಯಂತ್ರ ಸದ್ದಿಲ್ಲದೆ ಸುತ್ತಿತು. ಉರಿಯಿಲ್ಲ, ಬೆಳಕಿಲ್ಲ, ಚುಚ್ಚಿದ್ದಿಲ್ಲ. ಏನೂ ಆಗದಂತೆಯೇ ಎಲ್ಲವೂ ಆಗುತ್ತಿತ್ತು. ಒಳಗೆ ಎಲ್ಲಿಯೋ ತನ್ನದೇ ಮೈಯ ಒಂದು ಮೂಲೆ ಸುಡುತ್ತಿದೆ, ತನಗೆ ಮಾತ್ರ ಸುದ್ದಿಯಿಲ್ಲ ಎಂದುಕೊಳ್ಳುತ್ತಿರುವಾಗಲೇ ಕತ್ತಿನಿಂದ ಬಿಸಿ ಏರತೊಡಗಿತು. ಅದು ಯಂತ್ರದ್ದಲ್ಲ, ಹಾರ್ಮೋನು ಇಳಿಸಲೆಂದು ಚುಚ್ಚಿದ್ದ ಇಂಜೆಕ್ಷನ್ನಿನದು. ಒಲೆಯ ಬಾಗಿಲು ತೆರೆದ ಹಾಗೆ ಎದೆ, ಕೆನ್ನೆ, ಕಿವಿ ಎಲ್ಲ ಕಾದು, ಮುಂದಿನ ಗಳಿಗೆ ಬೆವರಲ್ಲಿ ತೊಯ್ದು ಹೋಗುವುದು.

ಮೊದಲ ಸಲ ಹಾಗಾದಾಗ ಊಟದ ಮೇಜಿನ ಮುಂದೆ ತಟ್ಟೆ ಬಿಟ್ಟು ಎದ್ದು ಕಿಟಕಿಗೆ ಮುಖವಿಟ್ಟು ನಿಂತಿದ್ದರು. ಹೆಂಡತಿ ಕೈ ತೊಳೆದು ಬಂದು, ಫ್ಯಾನು ಜೋರು ಮಾಡಿ, ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡಿದಳು. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಬೈಯುವಾಗಲೂ ಪಿಸುಮಾತೇ. “ಹೇಗಿದೆ?” ಎಂದಳು. “ಮೈಯೆಲ್ಲ ಬೆಂಕಿ ಕಣೇ.” “ಹ್ಞೂಂ. ಆಮೇಲೆ ಚಳಿಯಾಗುತ್ತೆ. ಆಮೇಲೆ ಸುಮ್ಮಸುಮ್ಮನೆ ಅಳು ಬರುತ್ತೆ. ಆಗ ಮನೇಲಿ ಯಾರಾದ್ರೂ ‘ಫ್ಯಾನು ಯಾಕೆ ಹಾಕ್ದೆ, ನೆಗಡಿಯಾಗುತ್ತೆ’ ಅಂತ ಗೊಣಗಿದ್ರೆ ಕೊಂದುಹಾಕೋಣ ಅನ್ಸುತ್ತೆ.” ಮೇಷ್ಟ್ರು ಬೆವರೊರೆಸಿಕೊಂಡು, “ಯಾರು ಗೊಣಗಿದ್ರು?” ಎಂದು ಕೇಳಿದರು; ಕೇಳಿದ ಕೂಡಲೇ ಅವಳಿಗೆ ಮುಟ್ಟು ನಿಂತ ದಿನಗಳೂ ತಮ್ಮದೇ ಗೊಣಗಾಟವೂ ನೆನಪಾದವು. ಅವಳು ತುಟಿಯಂಚಿನಲ್ಲಿ ನಕ್ಕು, “ಸ್ವಾಗತ” ಎಂದಳು, ಹೊಸ ಸದಸ್ಯನಿಗೆ ಕಾರ್ಡು ಕೊಡುವವಳಂತೆ.

ಅವಳು ಹಾಗೆ ಛೇಡಿಸಿದಷ್ಟೂ ಮೇಷ್ಟ್ರಿಗೆ ಒಳಗೊಳಗೇ ತಪ್ಪಿತಸ್ಥ ಭಾವ ಕಾಡುತ್ತಿತ್ತು. ಅವರು ಹಜಾರದ ಪಕ್ಕದ ಸಣ್ಣ ಕೋಣೆಗೆ, ಹಳೆಯ ಮಡಚುವ ಮಂಚಕ್ಕೆ ಹಾಸಿಗೆ ಬದಲಾಯಿಸಿದ್ದು ಆ ವಾರವೇ. “ಗಳಿಗೆಗೊಂದು ಸಲ ಏಳ್ತೀನಲ್ಲ, ನಿನ್ನ ನಿದ್ದೆ ಹಾಳು” ಎಂದಿದ್ದರು. “ಸರಿ” ಎಂದಿದ್ದಳು ಅವಳು. ಅಷ್ಟೇ. ಆ ‘ಸರಿ’ಯನ್ನು ಅವರು ಎಷ್ಟು ಬಾರಿ ತಿರುಗಿಸಿ ಮುರುಗಿಸಿ ನೋಡಿದ್ದರೋ. ಅದರಲ್ಲಿ ಕೋಪವಿತ್ತೆ? ನಿರಾಳವಿತ್ತೆ? ಒಂದು ಮಧ್ಯಾಹ್ನ ಅವಳು ಬಟ್ಟೆ ಮಡಚುತ್ತ ಕೂತಿದ್ದಾಗ ಹಿಂದಿನಿಂದ ಹೋಗಿ ಅವಳ ಕುತ್ತಿಗೆಯ ಮೇಲೆ ಕೈಯಿಟ್ಟಿದ್ದರು. ಅವಳು ಕೆನ್ನೆಯನ್ನು ಆ ಕೈಗೆ ಒರಗಿಸಿದಳು. ಮೊದಲಾಗಿದ್ದರೆ ಅಲ್ಲಿಂದ ಮುಂದಿನ ದಾರಿ ಮೈಗೇ ಗೊತ್ತಿತ್ತು. ಈಗ ಮೈ ಸುಮ್ಮನಿತ್ತು, ಯಾರದೋ ಮನೆಗೆ ಬಂದ ನೆಂಟನ ಹಾಗೆ ಕಾಲು ಜೋಡಿಸಿ ಕೂತಿತ್ತು. ಅವರು ಕೈ ತೆಗೆದು, “ಈ ಅಂಗಿಗೆ ಗುಂಡಿ ಹೋಗಿದೆ” ಎಂದು ಯಾವುದೋ ಅಂಗಿ ಎತ್ತಿಕೊಂಡರು. ಅಂಗಿಯ ಗುಂಡಿಗಳೆಲ್ಲ ನೆಟ್ಟಗಿದ್ದವು. ಅವಳು ನೋಡಿದಳು, ಮುಂದಿನ ಬಟ್ಟೆ ಮಡಚಿದಳು.

ಆಸ್ಪತ್ರೆಯಿಂದ ಬಂದವರು ಒಂದಿಷ್ಟು ಮಲಗಿ ಎದ್ದು ಬೀಗಿತಿಯ ಪಾಠಕ್ಕೆ ಹೊರಟರು. ಮಗಳನ್ನು ಕೊಟ್ಟ ಮನೆಯ ಯಜಮಾನಿ, ಅಳಿಯನ ತಾಯಿ. ಬೀಗರ ಕಣ್ಣು ಮಂಜಾಗಿ ಕಾರು ಶೆಡ್ಡಿನಲ್ಲಿ ನಿಂತ ಮೇಲೆ, ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದ ಆಕೆಗೆ ಇದ್ದಕ್ಕಿದ್ದಂತೆ ಹುರುಪು ಹತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮೇಷ್ಟ್ರು ಎರಡು ಮಾತು ಗದರಿ ತಿದ್ದುತ್ತಿದ್ದರು. ಬೀಗಿತಿಯನ್ನು ಗದರುವುದುಂಟೆ? “ತಾವು ದಯವಿಟ್ಟು ಕ್ಲಚ್ಚು ಒತ್ತಬೇಕು... ಇನ್ನೂ ಸ್ವಲ್ಪ... ಕಂಬ ಬರ್ತಾ ಇದೆ, ಗಮನಿಸಿದೀರಿ ಅಂದ್ಕೊಂಡಿದೀನಿ...” ಎಂದು ಸಭೆಯಲ್ಲಿ ಮಾತಾಡುವವರಂತೆ ಪಾಠ ನಡೆಯುತ್ತಿತ್ತು. ಆಕೆಯೂ ಅಷ್ಟೇ ಗೌರವದಿಂದ, “ಕ್ಷಮಿಸಿ ಬೀಗ್ರೇ” ಎನ್ನುತ್ತ ಕಾರನ್ನು ಚರಂಡಿಯ ಕಡೆಗೆ ಒಯ್ಯುತ್ತಿದ್ದರು. ಕಾಯಿಲೆಯ ವಿಷಯ ಬೀಗರ ಮನೆಗೆ ಹೇಳಬಾರದು ಎಂದು ಮಗಳಿಗೆ ತಾಕೀತು ಮಾಡಿದ್ದರು ಮೇಷ್ಟ್ರು. ಅಲ್ಲಿಗೆ ಹೋಗಿರುವ ಸುದ್ದಿ ಸೊಂಟನೋವು. ಹೀಗಾಗಿ ಕಾರು ಹತ್ತಿದ ಕೂಡಲೇ ಬೀಗಿತಿಯ ಮೊದಲ ಮಾತು ಯಾವಾಗಲೂ ಸೊಂಟದ್ದೇ. “ಹೇಗಿದೆ ಬೀಗ್ರೇ? ಬಿಸಿನೀರಿನ ಶಾಖ ಕೊಡ್ತಿದೀರಾ?” “ಕೊಡ್ತಿದೀನಿ.” “ಹಾಗಾದ್ರೆ ಯಾಕೆ ಕೂತಲ್ಲಿ ಕೂರೋಕೆ ಆಗ್ತಿಲ್ಲ ನಿಮ್ಗೆ?” “ಸೀಟು ಗಟ್ಟಿ.”

ಸೀಟಿನ ತಪ್ಪಲ್ಲ. ಬೆಳಗಿನ ನೀರು ಇನ್ನೂ ಇಳಿಯುತ್ತಲೇ ಇತ್ತು. ಹೊರಡುವ ಮೊದಲು ಹೋಗಿದ್ದರು, ಗೇಟಿನವರೆಗೆ ಬಂದು ವಾಪಸು ಹೋಗಿ ಮತ್ತೊಮ್ಮೆ ಹೋಗಿದ್ದರು. ಹನಿ ಹನಿ, ಹನಿಗೊಂದು ಉರಿ. ದೊಡ್ಡ ರಸ್ತೆಗೆ ತಿರುಗುವ ಹೊತ್ತಿಗೆ ಅದು ಬಂತು. ಮೊದಲೆಲ್ಲ ಅದು ಬಾಗಿಲು ತಟ್ಟಿ, ‘ಇದ್ದೀರಾ?’ ಎಂದು ಕೇಳಿ, ಒಂದಿಷ್ಟು ಹೊತ್ತು ಜಗಲಿಯಲ್ಲಿ ಕಾಯುತ್ತಿತ್ತು. ಈಗ ಬಾಗಿಲನ್ನೇ ಒದ್ದು ಒಳಗೆ ನುಗ್ಗುತ್ತದೆ. ಮೇಷ್ಟ್ರು ಕಾಲ್ಬೆರಳು ಮಡಚಿದರು, ಉಸಿರು ಹಿಡಿದರು, ಮಗ್ಗಿ ಹೇಳಿಕೊಂಡರು. ಬೀಗಿತಿ ಮುಂದಿನ ತಿರುವಿನ ಬಗ್ಗೆ ಏನೋ ಕೇಳುತ್ತಿದ್ದರು. “ನಿಲ್ಲಿಸಿ” ಎಂದರು ಮೇಷ್ಟ್ರು. “ಇಲ್ಲೇನಾ? ರಸ್ತೆ ಮಧ್ಯ...” “ನಿಲ್ಸಿ!” ಎಂದು ಕೂಗಿದರು, ಮದುವೆಯ ಮಾತುಕತೆಯಿಂದ ಈಚೆಗೆ ಮೊದಲ ಬಾರಿಗೆ ಬೀಗಿತಿಯ ಮುಂದೆ ದನಿಯೆತ್ತಿ. ತಾವೇ ಬ್ರೇಕು ಒತ್ತಿ, ಕಾರು ಪೂರಾ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದು, ಕಣ್ಣಿಗೆ ಬಿದ್ದ ಮೊದಲ ಗಾಜಿನ ಬಾಗಿಲಿಗೆ ಓಡಿದರು.

ಒಳಗೆ ಹೋದವರು ಬೆರಗಾಗಿ ನಿಂತುಬಿಟ್ಟರು. ಸಾಲು ಸಾಲು ಕಮೋಡುಗಳು. ಬಿಳಿ, ಕೆನೆಬಣ್ಣ, ಕಪ್ಪು. ನೆಲದ ಮೇಲಿನವು, ಗೋಡೆಗೆ ಅಂಟಿದವು, ಮುಚ್ಚಳ ತಾನಾಗಿ ಏಳುವವು. ಬಚ್ಚಲುಮನೆ ಸಾಮಾನಿನ ಶೋರೂಮು. ಜೀವನದಲ್ಲಿ ಇಷ್ಟು ಬೇಕೆನಿಸಿದ ವಸ್ತುವನ್ನು ಇಷ್ಟು ಸಂಖ್ಯೆಯಲ್ಲಿ ಅವರು ಕಂಡಿರಲಿಲ್ಲ. ಟೈ ಕಟ್ಟಿದ ಸೇಲ್ಸ್‌ಮನ್ ಮುಗುಳ್ನಗುತ್ತ ಎದುರು ಬಂದ. “ಬನ್ನಿ ಸರ್, ಮನೆಗೋ ಆಫೀಸಿಗೋ?” “ನನಗೆ” ಎಂದರು ಮೇಷ್ಟ್ರು. “ಈಗ.” “ಇದು ಹೊಸದಾಗಿ ಬಂದಿರೋದು ಸರ್, ಸದ್ದೇ ಇಲ್ಲ, ನೀರೂ ಕಮ್ಮಿ...” “ಅಯ್ಯಾ, ಯಾವುದಕ್ಕೆ ನೀರಿನ ಕನೆಕ್ಷನ್ ಇದೆ ಹೇಳು!” ಸೇಲ್ಸ್‌ಮನ್ ಅವರ ಮುಖ ನೋಡಿದ, ಹೆಣೆದುಕೊಂಡ ಕಾಲು ನೋಡಿದ, ಅವನ ನಗು ಕೆಳಗಿಳಿಯಿತು. “ಇವೆಲ್ಲ ಡಿಸ್‌ಪ್ಲೇ ಸರ್. ಸ್ಟಾಫಿಂದು ಹಿಂದೆ ಇದೆ, ಕೀ ತರ್ತೀನಿ.” ಕೀ ಮೇಲಿನ ಮಹಡಿಯಲ್ಲಿತ್ತು. ಅವನು ಓಡಿಯೇ ಹೋದ, ಪಾಪ. ಮೇಷ್ಟ್ರು ಹೊಳೆಯುವ ಕಮೋಡುಗಳ ನಡುವೆ, ಸುತ್ತಲೂ ಹತ್ತಾರು ಬಾಯಿಗಳು ತೆರೆದು ನಿಂತಿರುವಾಗ, ಎರಡೂ ಕೈ ಮುಷ್ಟಿ ಹಿಡಿದು ನಿಂತರು. ಮತ್ತು ಅಲ್ಲಿಯೇ, ಯಾವ ಸದ್ದೂ ಇಲ್ಲದೆ, ತೊಡೆಯ ಒಳಗೆ ಬೆಚ್ಚಗೆ ಒಂದು ಗೆರೆ ಇಳಿಯಿತು.

ಆಶ್ಚರ್ಯವೆಂದರೆ ಮೊದಲ ಗಳಿಗೆ ಅದು ಸುಖವಾಗಿತ್ತು. ಆಮೇಲೆ ನಾಚಿಕೆ ಬಂತು. ಎಷ್ಟು ಹಳೆಯ ನಾಚಿಕೆಯೆಂದರೆ ಅದಕ್ಕೆ ಒಂದನೇ ಕ್ಲಾಸಿನ ಬೆಂಚಿನ ಮರದ ವಾಸನೆಯಿತ್ತು. ಪಕ್ಕದ ಹುಡುಗ ದೂರ ಸರಿದದ್ದು, ಟೀಚರು ಎಲ್ಲರನ್ನೂ ಹೊರಗೆ ಕಳಿಸಿದ್ದು, ಅಮ್ಮ ಬರುವವರೆಗೂ ತಾನು ಎದ್ದೇಳದೆ ಕೂತಿದ್ದು. ಸೇಲ್ಸ್‌ಮನ್ ಕೀ ತಂದು ಬಾಗಿಲು ತೆಗೆದ. ಉಳಿದದ್ದನ್ನು ಮುಗಿಸಿ, ಪ್ಯಾಂಟಿನ ಮುಂದಿನ ಕಲೆಯನ್ನು ಕನ್ನಡಿಯಲ್ಲಿ ನೋಡಿದರು. ಒಂದು ಉಪಾಯ ಹೊಳೆಯಿತು. ನಲ್ಲಿ ತಿರುಗಿಸಿ ಅಂಗಿಗೆ, ತೋಳಿಗೆ, ಪ್ಯಾಂಟಿಗೆ ಧಾರಾಳವಾಗಿ ನೀರು ಎರಚಿಕೊಂಡರು. ನಲ್ಲಿ ಸಿಡಿಯಿತು ಎಂದರಾಯಿತು. ಈಗ ಕಲೆ ಮುಚ್ಚಿಹೋಗಿತ್ತು, ಆದರೆ ಮನುಷ್ಯ ಕೆರೆಗೆ ಬಿದ್ದು ಎದ್ದುಬಂದವನಂತಿದ್ದ. ಹೊರಗೆ ಬಂದಾಗ ಸೇಲ್ಸ್‌ಮನ್ ಅವರ ಅವತಾರ ನೋಡಿ, “ನಮ್ಮ ನಲ್ಲಿಗಳು ಹಾಗೆಲ್ಲ ಸಿಡಿಯಲ್ಲ ಸರ್” ಎಂದು ಇನ್ನೂ ಏನೂ ಕೇಳದೆಯೇ ಹೇಳಿದ.

ಬೀದಿಯಲ್ಲಿ ಕಾರು ಇರಲಿಲ್ಲ.

ಮೇಷ್ಟ್ರಿಗೆ ಒದ್ದೆ ಪ್ಯಾಂಟು ಮರೆತೇ ಹೋಯಿತು. ಕಾರು ನಿಂತಿದ್ದ ಜಾಗದಲ್ಲಿ ಒಂದು ಲಾರಿಯ ಹೊಗೆ ಮಾತ್ರ ಉಳಿದಿತ್ತು. ರಿವರ್ಸು ಇನ್ನೂ ಹೇಳಿಕೊಟ್ಟಿಲ್ಲ, ಏರಿನಲ್ಲಿ ನಿಲ್ಲಿಸುವುದು ಗೊತ್ತಿಲ್ಲ, ಹಾರ್ನು ಬಿಟ್ಟರೆ ಬೇರೇನನ್ನೂ ಆಕೆ ಧೈರ್ಯವಾಗಿ ಒತ್ತಿದ್ದಿಲ್ಲ. ಮಗಳಿಗೆ ಏನೆಂದು ಹೇಳುವುದು? ನಿಮ್ಮ ಅತ್ತೆಯನ್ನು ರಸ್ತೆಯ ನಡುವೆ ಬಿಟ್ಟು ನಾನು ಕಮೋಡು ನೋಡಲು ಹೋಗಿದ್ದೆ ಎಂದೇ? ಆ ಕಡೆ ಈ ಕಡೆ ಓಡಿದರು. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಂತಾಗಿ ಎದೆ ಹಾರಿತು; ಐಸ್‌ಕ್ರೀಮಿನ ಗಾಡಿ ಅದು. ಅಷ್ಟರಲ್ಲಿ ವೃತ್ತದ ಆ ಬದಿಯಿಂದ ತಮ್ಮ ಕಾರು, ತಲೆಯ ಮೇಲೆ ತಮ್ಮದೇ ಬೋರ್ಡು ಹೊತ್ತು, ರಾಣಿಯ ಸವಾರಿಯ ಹಾಗೆ ನಿಧಾನಕ್ಕೆ ಬಂತು. ಬೀಗಿತಿ ಸ್ಟೀರಿಂಗಿಗೆ ಎದೆಯೊತ್ತಿ ಕೂತಿದ್ದರು. ಮೇಷ್ಟ್ರು ಎರಡೂ ಕೈ ಎತ್ತಿ ಬೀಸಿದರು. ಬೀಗಿತಿಯೂ ಸಂಭ್ರಮದಿಂದ ಒಂದು ಕೈ ಬೀಸಿ, ನಿಲ್ಲಿಸದೆ, ಮುಂದೆ ಹೋಗಿಬಿಟ್ಟರು. ಇನ್ನೊಂದು ಸುತ್ತು ಬಂದಾಗ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು, “ಕ್ಲಚ್ಚು! ಬ್ರೇಕು! ಎರಡೂ!” ಎಂದು ಕೂಗಿದರು. ದಯವಿಟ್ಟೂ ಇಲ್ಲ, ತಾವೂ ಇಲ್ಲ. ಕಾರು ಕೆಮ್ಮಿ ನಿಂತಿತು.

“ಹಿಂದೆ ಲಾರಿಯವನು ಹಾರ್ನು ಹೊಡೆದೂ ಹೊಡೆದೂ ಪ್ರಾಣ ತೆಗೆದ ಬೀಗ್ರೇ! ಹೋಗೋಣ ಅಂತ ಹೊರಟೆ. ಆಮೇಲೆ ನಿಲ್ಸೋಕೆ ಧೈರ್ಯ ಬರ್ಲಿಲ್ಲ. ಒಬ್ಬಳೇ! ನೋಡಿದ್ರಾ? ಪಕ್ಕದಲ್ಲಿ ಯಾರೂ ಇಲ್ದೆ ಒಬ್ಬಳೇ!” ಆಕೆಯ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ಕೂದಲು ಕೆದರಿತ್ತು, ಹತ್ತು ವರ್ಷ ಚಿಕ್ಕವರಾಗಿದ್ದರು. ಮೇಷ್ಟ್ರು ನಲ್ಲಿಯ ಕತೆಯನ್ನು ಸಿದ್ಧ ಮಾಡಿಕೊಂಡು ಸೀಟಿನ ಮೇಲೆ ಪತ್ರಿಕೆ ಹಾಸಿ ಕೂತರು. ಆಕೆ ಕೇಳಲೇ ಇಲ್ಲ. ಮನೆಯವರೆಗೂ ಗೇರಿನದೇ ಮಾತು, ಲಾರಿಯದೇ ಮಾತು. ಮೈಮೇಲಿಂದ ಇಷ್ಟು ನೀರು ತೊಟ್ಟಿಕ್ಕುತ್ತಿದ್ದರೂ ಈ ಹೆಂಗಸಿನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಮೇಷ್ಟ್ರಿಗೆ ನಿರಾಳವೂ ಆಯಿತು, ಸ್ವಲ್ಪ ಅವಮಾನವೂ ಆಯಿತು. ತಮ್ಮ ಜೀವನದ ಅತ್ಯಂತ ನಾಚಿಕೆಯ ದಿನ ಬೇರೆಯವರ ಪಾಲಿಗೆ ಹಬ್ಬವಾಗಿತ್ತು. ಮನೆ ಮುಟ್ಟುವುದರೊಳಗೆ ಒಂದು ನಿರ್ಧಾರಕ್ಕೆ ಬಂದಿದ್ದರು: ಪಾಠ ಇಲ್ಲಿಗೆ ಸಾಕು, ಬೀಗಿತಿಗೂ ಸಾಕು, ಎಲ್ಲರಿಗೂ ಸಾಕು.

ಬೀಗಿತಿ ಒಳಗೆ ಬರಲಿಲ್ಲ. ಗಂಡನಿಗೆ ಹೇಳುವ ಆತುರದಲ್ಲಿ ಪಕ್ಕದ ಬೀದಿಯ ತಮ್ಮ ಮನೆಗೆ ಹೆಚ್ಚುಕಡಿಮೆ ಓಡುತ್ತಲೇ ಹೋದರು. ಮೇಷ್ಟ್ರು ಹೆಂಡತಿಯ ಕಣ್ಣು ತಪ್ಪಿಸಿ ಬಚ್ಚಲು ಸೇರಿ, ಸ್ನಾನ ಮಾಡಿ, ಪ್ಯಾಂಟನ್ನು ತಾವೇ ಒಗೆಯುತ್ತಿರುವಾಗ ಹೊರಗೆ ಫೋನು ರಿಂಗಾಯಿತು. “ಹೌದಾ?... ಅಯ್ಯೋ!... ಒಬ್ಬರೇನಾ?” ಎಂದು ಹೆಂಡತಿಯ ಪಿಸುದನಿ. ಅದು ಮುಗಿಯುವ ಹಾಗೆ ಕಾಣಲಿಲ್ಲ. ಅವರು ಪ್ಯಾಂಟು ಹಿಂಡಿ, ಟವೆಲು ಸುತ್ತಿಕೊಂಡು ಹೊರಬಂದಾಗ ಅವಳು ಫೋನು ಕೆಳಗಿಟ್ಟು, ಅವರ ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡುತ್ತ ನಿಂತಿದ್ದಳು.

“ಕಾರು ಬಿಟ್ಟದ್ದನ್ನೆಲ್ಲ ಹೇಳಿದ್ರು. ಕೊನೇಲಿ ಇನ್ನೊಂದು ಮಾತು ಹೇಳಿದ್ರು.”

“ಏನಂತೆ?”

“‘ಸೊಂಟನೋವು ವಾಸಿ ಆಗೋವರೆಗೂ ಬೀಗ್ರ ಕಾರಲ್ಲಿ ಒಂದು ಜೊತೆ ಬಟ್ಟೆ ಇಟ್ಟಿರಿ. ನಾಳೆ ಪಾಠ ಮಾತ್ರ ತಪ್ಪಿಸೋ ಹಾಗಿಲ್ಲ, ರಿವರ್ಸು ಬಾಕಿ ಇದೆ ಅಂತ ಹೇಳಿ’ ಅಂದ್ರು.”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. “ಅವರಿಗೆ ಗೊತ್ತಾಯ್ತು.”

“ಗೊತ್ತಾಗ್ದೆ ಏನು. ಸೊಂಟನೋವಿಗೆ ಯಾರ ಪ್ಯಾಂಟೂ ಒದ್ದೆ ಆಗಲ್ಲ.”

“ನಾನು ಇನ್ನು ಹೋಗಲ್ಲ ಕಣೇ. ಯಾವ ಮುಖ ಇಟ್ಕೊಂಡು ಹೋಗ್ಲಿ?”

ಅವಳು ಅವರ ಕೈಯಿಂದ ಪ್ಯಾಂಟು ತೆಗೆದುಕೊಂಡು, ಕೊಡವಿ, ಕಿಟಕಿಯ ಸರಳಿಗೆ ಹರಡಿದಳು. ಬೆನ್ನು ತಿರುಗಿಸಿಯೇ ಹೇಳಿದಳು: “ಕಣ್ಣಾರೆ ನೋಡಿದ ಬೀಗಿತೀನೇ ನಾಳೆ ಬನ್ನಿ ಅಂತಿದಾರೆ. ನಾನೇನು ಪಾಪ ಮಾಡಿದ್ದೆ?”

“ಏನು?”

“ಆ ಕೋಣೆ ಸೇರ್ಕೊಂಡ್ರಲ್ಲ.”

“ನಿನ್ನ ನಿದ್ದೆ...”

“ನನ್ನ ನಿದ್ದೆ ಸುದ್ದಿ ಬಿಡಿ.”

ಮೇಷ್ಟ್ರು ನೆಲ ನೋಡಿದರು. ಟವೆಲಿನ ಅಂಚಿನಿಂದ ಒಂದು ನೂಲು ಎಳೆದರು. “ಪಕ್ಕದಲ್ಲೇ ಮಲಗಿದ್ದು... ಏನೂ ಆಗ್ದೇ ಹೋದ್ರೆ... ನೀನು ಕಾಯ್ತಿರ್ತೀಯೇನೋ ಅಂತ...”

ಅವಳು ತಿರುಗಿ ನಿಂತಳು. ಮೊದಲು ಅವಳ ಭುಜ ಕುಲುಕಿತು, ಅಳುತ್ತಿದ್ದಾಳೆಂದು ಅವರು ಗಾಬರಿಯಾದರು. ಆದರೆ ಅವಳು ನಗುತ್ತಿದ್ದಳು, ಲೈಬ್ರರಿಯ ಕಪಾಟುಗಳೆಲ್ಲ ಬೆಚ್ಚಿಬೀಳುವ ಹಾಗೆ ಗಟ್ಟಿಯಾಗಿ. “ನಾನು? ಕಾಯೋದಾ? ರೀ, ನೀವು ಬೇಗ ನಿದ್ದೆ ಹೋಗ್ಲಿ ಅಂತ ನಾನು ಕಾದಿರೋ ದಿನ ಎಷ್ಟೋ ಇವೆ!” ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒರೆಸಿಕೊಂಡರೂ ಕಣ್ಣು ಒಣಗಲಿಲ್ಲ. “ನನ್ನನ್ನ ಕಂಡ್ರೆ ಬೇಸರ ಬಂದಿದೆ ನಿಮಗೆ ಅಂದ್ಕೊಂಡಿದ್ದೆ. ಆ ಡಾಕ್ಟರ್ ಹುಡುಗಿ ಹತ್ರ ಎಲ್ಲಿ ಉರಿ, ಹೇಗೆ ಉರಿ ಅಂತ ಎಲ್ಲಾ ಹೇಳ್ತೀರಿ. ನಾನು ಕೇಳಿದ್ರೆ ಅಂಗಿ ಗುಂಡಿ ತೋರಿಸ್ತೀರಿ.”

ಮೇಷ್ಟ್ರು ಮುಂಗೈಯಿಂದ ಕಣ್ಣೊರೆಸಿಕೊಂಡರು. ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಅವಳು ಹೇಳಿದ್ದು ನಿಜವಿರಬೇಕು. ಇದು ಇಂಜೆಕ್ಷನ್ನಿನದೇ ಇರಬೇಕು ಎಂದುಕೊಂಡು ಮೂಗೆಳೆದರು. ಅವಳು ಆ ಸಣ್ಣ ಕೋಣೆಗೆ ಹೋಗಿ, ಹಾಡುಹಗಲಿನಲ್ಲಿ, ಅವರ ಮಡಚುವ ಮಂಚದ ಮೇಲೆ ಮಲಗಿದಳು. ಮಂಚ ಕಿರುಗುಟ್ಟಿತು. “ಇಷ್ಟು ಚಿಕ್ಕದ್ರಲ್ಲಿ ಹೇಗೆ ಹೊರಳ್ತೀರ್ರೀ?” ಎಂದಳು ಅಲ್ಲಿಂದಲೇ. ಮೇಷ್ಟ್ರು ಲುಂಗಿ ಉಟ್ಟು ಬಂದು, ಅವಳ ಪಕ್ಕ ಉಳಿದ ಗೇಣು ಜಾಗದಲ್ಲಿ ಮೈ ತೂರಿಸಿದರು. ಒಂದು ಕಾಲು ಹೊರಗೇ ಉಳಿಯಿತು. ಮೈ ಸುಮ್ಮನೇ ಇತ್ತು, ಆದರೆ ಈಗ ಅದರ ಸುಮ್ಮನಿರುವಿಕೆಯನ್ನು ಯಾರೂ ಕಾವಲು ಕಾಯುತ್ತಿರಲಿಲ್ಲ. ಅವಳ ಕೂದಲಿನಲ್ಲಿ ಸೋಪಿನ ವಾಸನೆ. ಕಿಟಕಿಯಾಚೆ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಇದಕ್ಕೇನು ಹೆಸರು ಎಂದು ಯೋಚಿಸತೊಡಗಿದ್ದರು, ಅಷ್ಟರಲ್ಲಿ ಅದು ಬಂತು.

ಎದ್ದು ಹೋದರು. ನಿಂತರು, ಕಾದರು, ಹನಿ, ಉರಿ, ಮತ್ತೆ ಹನಿ. ವಾಪಸು ಬಂದಾಗ ಅವಳು ಅವರ ಜಾಗವನ್ನೂ ಸೇರಿಸಿಕೊಂಡು, ದಿಂಬನ್ನು ಪೂರಾ ತಬ್ಬಿಕೊಂಡು, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು. ಎಷ್ಟು ದಿನದ ಬಾಕಿ ನಿದ್ದೆಯೋ. ಮೇಷ್ಟ್ರು ಅಲ್ಲೇ ನಿಂತು ನೋಡಿದರು. ಎಬ್ಬಿಸುವ ಮನಸ್ಸಾಗದೆ ಮಂಚದ ಅಂಚಿನಲ್ಲಿ ಕೂತು, ಮೆಲ್ಲಗೆ ಅವಳ ಕೈ ಮುಟ್ಟಿದರು. ಅವಳು ಕಣ್ಣು ತೆರೆಯದೆ ಹುಬ್ಬು ಗಂಟಿಕ್ಕಿದಳು.

“ಕೈ ಒರೆಸ್ಕೊಂಡು ಬರ್ಬಾರ್ದಾ” ಎಂದು ಗೊಣಗಿದಳು, ಮತ್ತು ಆ ತಣ್ಣನೆಯ ಒದ್ದೆ ಕೈಯನ್ನು ಎಳೆದುಕೊಂಡು ಕೆನ್ನೆಯ ಕೆಳಗಿಟ್ಟುಕೊಂಡಳು.